ಗೆರೆ ಮನೆಗೆ ಬರಬೇಕು

ವಿಜಯದಶಮಿ ಕಳೆದ ಮೊದಲ ಶನಿವಾರ ಬೆಳಿಗ್ಗೆ, ಚೆನ್ನೈನ ಬೆಸೆಂಟ್ ನಗರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ಐದು ಮಕ್ಕಳು, ಒಂದು ಚೀಲ ಬೆಂಡೆಕಾಯಿ ಮತ್ತು ಒಂದು ಹಳೆಯ ಇಡ್ಲಿ ತಟ್ಟೆಯೊಂದಿಗೆ ನನ್ನ ಕನ್ನಡ ತರಗತಿ ಶುರುವಾಯಿತು. ಬೆಂಡೆಕಾಯಿ ಅಚ್ಚು ಒತ್ತುವುದಕ್ಕೆ. ಇಡ್ಲಿ ತಟ್ಟೆಯ ಗುಳಿಗಳು ಬಣ್ಣ ಹಾಕಿಡುವುದಕ್ಕೆ. ಮಕ್ಕಳನ್ನು ಏನು ಮಾಡುವುದೆಂದು ಮಾತ್ರ ಮೊದಲ ಅರ್ಧ ಗಂಟೆ ನನಗೆ ತಿಳಿಯಲಿಲ್ಲ. ಇಬ್ಬರು ಅಳುತ್ತಿದ್ದರು. ಒಬ್ಬಳು ಗುಲಾಬಿ ಬಣ್ಣ ಇಲ್ಲದಿದ್ದರೆ ಮನೆಗೆ ಹೋಗುತ್ತೇನೆ ಎಂದು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ನಾನು ಟೀಚರ್ ಅಲ್ಲ. ನುಂಗಂಬಾಕ್ಕಂನ ಒಂದು ಆಡಿಟ್ ಕಚೇರಿಯಲ್ಲಿ ಬೇರೆಯವರ ಲೆಕ್ಕ ತಾಳೆ ನೋಡುವುದು ನನ್ನ ಕೆಲಸ. ಆ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ದಿನವೂ ಡೈರಿಯಲ್ಲಿ ತಾರೀಖು ಹಾಕಿ, ಆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಎಣಿಸಲು ಬರುವಂಥದ್ದು ಏನಾದರೂ ಇದ್ದರೆ ಎಣಿಸಿ ಇಡುತ್ತೇನೆ. ಆ ಶನಿವಾರದ ಪುಟದಲ್ಲಿ ಹೀಗಿದೆ: ಅ ಕಲಿಸಬೇಕೆಂದಿದ್ದೆ. ಬೆಂಡೆಕಾಯಿ ಕಲಿಸಿದೆ. ಅತ್ತವರು ಇಬ್ಬರು, ನಕ್ಕವರು ಕೊನೆಗೆ ಐವರೂ. ಬಣ್ಣ ಹತ್ತಿದ ಗೋಡೆ ಒಂದು.

ಈ ತರಗತಿಗೆ ಕಾರಣ ಎರಡನೇ ಮಹಡಿಯ ಒಬ್ಬ ತಾಯಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರ ತಂದೆ ರೈಲ್ವೆಯಲ್ಲಿದ್ದವರು. ಅಕ್ಕ ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಕನ್ನಡದ ಮಾತು, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬಾರದು. ನಾನು ಮೈಸೂರಿನವಳು ಎಂದು ಗೊತ್ತಾದ ದಿನವೇ ಲಿಫ್ಟಿನಲ್ಲಿ ಹಿಡಿದುಕೊಂಡರು.

"ನನ್ನ ಮಗಳಿಗೆ ಅ ಆ ಇ ಈ ಹೇಳ್ಕೊಡು ಮಾ. ನನಗೆ ಬಂದಿದ್ರೆ ನಾನೇ ಹೇಳ್ತಿದ್ದೆ. ನಮ್ಮಜ್ಜಿ ಅರಸೀಕೆರೆಯಿಂದ ಕಾಗದ ಹಾಕಿದ್ರೆ, ಅಪ್ಪ ಡ್ಯೂಟಿ ಮುಗಿಸ್ಕೊಂಡು ಬರೋ ತನಕ ಅದನ್ನ ಟೇಬಲ್ ಮೇಲೆ ಇಟ್ಕೊಂಡು ನಾನೂ ಅಮ್ಮನೂ ಸುಮ್ನೆ ನೋಡ್ತಾ ಕೂತಿರ್ತಿದ್ವಿ. ನನ್ನ ಮಗಳು ಹಂಗೆ ಕೂರಬಾರದು."

"ನನಗೆ ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟು ಗೊತ್ತಿಲ್ಲ ಅಕ್ಕ."

"ನನಗೂ ಮಗು ಸಾಕಿ ಗೊತ್ತಿರಲಿಲ್ಲ. ಬಂದ ಮೇಲೆ ಬಂತು. ಸರಿ ತಾನೆ? ಶನಿವಾರ ಕಳಿಸ್ತೀನಿ."

ಅವರ ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಅವಳ ಜೊತೆಗೆ ಮೂರನೇ ಮಹಡಿಯ ಅವಳಿ ಗಂಡುಮಕ್ಕಳು ಸೇರಿದರು. ಗುಲಾಬಿ ಬಣ್ಣದ ಹುಡುಗಿ ಬ್ಯಾಂಕಿನವರ ಮನೆಯವಳು. ಐದನೆಯವನು ಪಕ್ಕದ ಬೀದಿಯಿಂದ ಬರುವ ಐದು ವರ್ಷದ ವಾಚಾಳಿ. ಐವರಿಗೂ ನಾನು ಅಕ್ಕ. ಐವರ ಮನೆಯಲ್ಲೂ ಕನ್ನಡ. ನಾನು ಹೇಳಿದ್ದು ಐವರಿಗೂ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಕೋಪ ಬಂದರೆ ಇಂಗ್ಲಿಷಿನಲ್ಲಿ.

ಎರಡನೇ ವಾರಕ್ಕೆ ನನಗೊಂದು ದಾರಿ ಸಿಕ್ಕಿತು. ದೊಡ್ಡ ಕಂದು ಕಾಗದದ ಮೇಲೆ ನಾನೇ ಸೀಮೆಸುಣ್ಣದಿಂದ ಅಕ್ಷರದ ಒಡಲು ಬರೆದಿಡುವುದು, ಮಕ್ಕಳು ಅದನ್ನು ಬಣ್ಣದಿಂದ ತುಂಬುವುದು. ಆನೆಯ ಆ ಕಲಿಯುವ ದಿನ ಅಂಗೈಗೆ ಬೂದು ಬಣ್ಣ ಬಳಿದು ಕಾಗದಕ್ಕೆ ಒತ್ತಿದೆವು. ಕಾಗದ ತಿರುಗಿಸಿದರೆ ನಾಲ್ಕು ಬೆರಳು ನಾಲ್ಕು ಕಾಲು, ಹೆಬ್ಬೆರಳು ಸೊಂಡಿಲು. ಐದು ಆನೆ ಆದವು. ಇ ಕಲಿಯುವ ದಿನ ಹೆಬ್ಬೆಟ್ಟಿನ ಗುರುತಿಗೆ ಬಾಲ ಎಳೆದು ಇಲಿ ಮಾಡಿದೆವು. ಉಂಗುರಕ್ಕೆ ಬಾಟಲಿಯ ಮುಚ್ಚಳ. ಎಲೆಗೆ ನಮ್ಮ ಗೇಟಿನ ಎದುರಿಗಿರುವ ಬಾದಾಮಿ ಮರದ ಅಗಲವಾದ ಕೆಂಪು ಎಲೆ. ಅದಕ್ಕೆ ಬಣ್ಣ ಹಚ್ಚಿ ಒತ್ತಿದರೆ ನರನರವೂ ಮೂಡುತ್ತದೆ. ವಾಚಾಳಿ ತನ್ನ ಎಲೆಯನ್ನು ಕಾಗದಕ್ಕೆ ಒತ್ತಿ, ಆಮೇಲೆ ಅವಳಿಗಳಲ್ಲಿ ಒಬ್ಬನ ಬೆನ್ನಿಗೂ ಒತ್ತಿದ. ಅವನ ಅಪ್ಪನ ಹಳೆಯ ಅಂಗಿ ತೊಡಿಸಿ ಕೂರಿಸಿದ್ದೆನಾದ್ದರಿಂದ ಬಚಾವು.

ಟಿ. ನಗರದ ಅಂಗಡಿಯಿಂದ ತಂದ ಪೋಸ್ಟರ್ ಬಣ್ಣ ಎರಡೇ ವಾರಕ್ಕೆ ತಳ ಕಂಡಿತು. ಆಮೇಲೆ ನಾನೇ ಮೈದಾ ಗಂಜಿ ಕಾಯಿಸಿ, ಅದಕ್ಕೆ ಬಣ್ಣ ಕಲಸಿ ಒಯ್ಯತೊಡಗಿದೆ. ಮೊದಲ ದಿನವೇ ಅವಳಿಗಳು ಹಳದಿಯನ್ನು ಬೆರಳಿನಲ್ಲಿ ಅದ್ದಿ ನೆಕ್ಕಿದರು. ನಾನು ಓಡಿ ಬರುವಷ್ಟರಲ್ಲಿ ದೊಡ್ಡವನು ತೀರ್ಪು ಕೊಟ್ಟಾಗಿತ್ತು.

"ಉಪ್ಪೇ ಇಲ್ಲೆ ಅಕ್ಕಾ."

ಉಪ್ಪೇ ಇಲ್ಲವಂತೆ. ದೊಡ್ಡವನೆಂದರೆ ತಮ್ಮನಿಗಿಂತ ಆರು ನಿಮಿಷಕ್ಕೆ ದೊಡ್ಡವನು. ಮುಂದಿನ ವಾರ ಗಂಜಿಗೆ ಒಂದು ಹಿಡಿ ಉಪ್ಪು ಸುರಿದೆ. ನೆಕ್ಕುವುದು ನಿಂತಿತು.

ನವೆಂಬರಿನಲ್ಲಿ ಮಳೆ ಹಿಡಿದು ಎರಡು ಶನಿವಾರ ತಾರಸಿಯಲ್ಲಿ ನೀರು ನಿಂತಿತು. ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರನ್ನು ಕೂರಿಸಿ ಬರಿಯ ಕಥೆ ಹೇಳಿದೆ. ಮಳೆ ಬಿಟ್ಟು ಡಿಸೆಂಬರ್ ಬಂದ ಮೇಲೆ, ಇನ್ನು ಸಾಕು ಅಚ್ಚು, ಇವರೇ ಕುಂಚ ಹಿಡಿದು ಅಕ್ಷರ ಬರೆಯಲಿ ಎಂದು ಐದು ದಪ್ಪ ಕುಂಚ ತಂದೆ. ತೊಡಕು ಶುರುವಾದದ್ದು ಅಲ್ಲಿಂದ.

ಉಳಿದ ನಾಲ್ವರದು ಮಾಮೂಲಿ ಅವಸ್ಥೆ. ಅ ಒಮ್ಮೆ ಮಲಗುತ್ತಿತ್ತು, ಒಮ್ಮೆ ಹಾರುತ್ತಿತ್ತು. ಪುಟ್ಟಿಯ ಅ ಎಲ್ಲರಿಗಿಂತ ಚೆಂದ ಹೊರಡುತ್ತಿತ್ತು. ಕೈ ನಡುಗದು, ಸುತ್ತು ತಪ್ಪದು. ಆದರೆ ಅಕ್ಷರ ಮುಗಿಯುವ ಕಡೆ ಅವಳು ನಿಲ್ಲುತ್ತಿರಲಿಲ್ಲ. ಕುಂಚವನ್ನು ಎತ್ತದೆ, ನಾಲಿಗೆಯ ತುದಿ ಕಚ್ಚಿಕೊಂಡು, ಬಳಸಿ ತಂದು, ಮೊದಲು ಕುಂಚ ಇಟ್ಟ ಜಾಗಕ್ಕೇ ಮುಟ್ಟಿಸಿ ನಿಟ್ಟುಸಿರು ಬಿಡುತ್ತಿದ್ದಳು. ಅ ಬದನೆಕಾಯಿಯಾಯಿತು. ಇ ಮುಚ್ಚಳ ಹಾಕಿದ ಪಾತ್ರೆಯಾಯಿತು. ಉ ಏನಾಯಿತೆಂದು ಹೇಳಲಾರೆ. ಆ ದಿನ ಅವಳ ಹಾಳೆಗಳನ್ನು ಎಣಿಸಲು ಕೂತೆ. ಎಣಿಸುವುದಕ್ಕೇನೂ ಇರಲಿಲ್ಲ, ಎಲ್ಲವೂ ಮುಚ್ಚಿದ್ದವು.

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ವರ್ಷದ ಮಗು, ಕನ್ನಡದ ಅಕ್ಷರಗಳು ಗುಂಡಗಿವೆ, ಗುಂಡಗೆ ಮಾಡುತ್ತಾಳೆ ಎಂದುಕೊಂಡೆ. ಮುಂದಿನ ವಾರ ಅಕ್ಕ ಮಗಳನ್ನು ಬಿಡಲು ಬಂದವರು ಹೋಗಲಿಲ್ಲ. ನೀರಿನ ಟ್ಯಾಂಕಿನ ಮರೆಗೆ ನನ್ನನ್ನು ಕರೆದರು. ಮುಖ ಸಪ್ಪಗಿತ್ತು.

"ಪ್ಲೇಸ್ಕೂಲಲ್ಲಿ ಮಿಸ್ ಕರೆದು ಮಾತಾಡಿದ್ರು ಮಾ. ಇಂಗ್ಲಿಷ್ ಸಿ ಬರಿ ಅಂದ್ರೆ ಓ ಬರೀತಾಳಂತೆ. ಯು ಬರಿ ಅಂದ್ರೂ ಓ. ಮನೇಲಿ ಎಷ್ಟು ಭಾಷೆ ಅಂತ ಕೇಳಿದ್ರು. ಮೂರು ಅಂದೆ. ಮಗೂಗೆ ಕುಳಪ್ಪ ಆಗ್ತಿದೆ ಅಂದ್ರು, ತಲೆಯಲ್ಲಿ ಎಲ್ಲಾ ಕಲಸ್ಕೊಂಡಿದೆ ಅಂತ."

"ಇಲ್ಲಿಯೂ ಹಾಗೇ ಬರೀತಾಳೆ ಅಕ್ಕ. ಸರಿ ಹೋಗುತ್ತೆ."

"ಯಾವಾಗ? ಜೂನಿಗೆ ದೊಡ್ಡ ಸ್ಕೂಲಿಗೆ ಸೇರಿಸ್ಬೇಕು. ಪೊಂಗಲ್ ರಜೆ ಮುಗಿದ ಮೇಲೆ ಮಿಸ್ ಇನ್ನೊಂದ್ಸಲ ಬರೆಸಿ ನೋಡ್ತಾರಂತೆ. ಆಗಲೂ ಹಿಂಗೇ ಇದ್ರೆ ಒಂದನ್ನ ಬಿಡಿಸಿ ಅಂತಾರೆ." ಅವರು ಮಗಳ ಕಡೆ ನೋಡಿದರು. ಪುಟ್ಟಿ ಅಷ್ಟು ಹೊತ್ತಿಗಾಗಲೇ ಅಂಗಿ ತೊಟ್ಟು ನೀಲಿ ಬಣ್ಣದ ಎದುರು ಪಟ್ಟಾಗಿ ಕೂತಿದ್ದಳು. "ಇಂಗ್ಲಿಷ್ ಬಿಡಕ್ಕಾಗತ್ತಾ? ಆಗಲ್ಲ. ಈ ಊರಲ್ಲಿ ಇದ್ಕೊಂಡು ತಮಿಳು ಬಿಡಕ್ಕಾಗತ್ತಾ?"

ಮೂರನೆಯದರ ಹೆಸರನ್ನು ಅವರು ಹೇಳಲಿಲ್ಲ. ಪುಟ್ಟಿ ಶುಕ್ರವಾರ ಸಂಜೆಯಿಂದಲೇ ನಾಳೆ ಅಕ್ಕನ ಕ್ಲಾಸಾ ಎಂದು ಕೇಳಲು ಶುರು ಮಾಡುತ್ತಾಳೆ ಎಂದು ಅವರೇ ನನಗೆ ಹೇಳಿದ್ದರು. ಪೊಂಗಲಿಗೆ ಇನ್ನು ಮೂರೇ ಶನಿವಾರ ಇದ್ದವು.

ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದೆ. ಅಕ್ಷರ ಮುಗಿಯುವ ಕಡೆ ಬಾಣದ ಗುರುತು ಹಾಕಿದೆ. ಅವಳು ಬಾಣವನ್ನೂ ಬಳಸಿಕೊಂಡು ಬಂದಳು. ಇಯರ್ ಬಡ್‌ನಿಂದ ಚುಕ್ಕಿ ಇಟ್ಟು ಅದರ ಮೇಲೆ ಬರೆಸಿದೆ. ಚುಕ್ಕಿ ಮುಗಿದ ಮೇಲೆ ಅವಳೇ ಚುಕ್ಕಿ ಇಟ್ಟುಕೊಂಡು ಮುಂದೆ ಹೋದಳು. ಕೈ ಹಿಡಿದು ಬರೆಸಿದರೆ ಸುಮ್ಮನೆ ಬರೆಸಿಕೊಳ್ಳುವಳು. ನಾನು ಕೈ ಬಿಟ್ಟು ಆ ಕಡೆ ತಿರುಗಿದ್ದೇ ತಡ, ಮೆಲ್ಲಗೆ ಗೆರೆಯನ್ನು ತಂದು ಸೇರಿಸಿರುವಳು. ಹಟಮಾರಿಯ ಮುಖವಲ್ಲ ಅದು. ಯಾರೋ ಬಿಟ್ಟುಹೋದ ಕೆಲಸವನ್ನು ಮುಗಿಸಿಕೊಟ್ಟವಳ ಮುಖ.

ಕಾರಣ ಸಿಕ್ಕಿದ್ದು ನಾನು ಹುಡುಕಿದ್ದರಿಂದಲ್ಲ, ಮನೆಯಲ್ಲಿ ಹಾಲು ಒಡೆದದ್ದರಿಂದ. ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ. ಬೆಳಿಗ್ಗೆ ಬೇಗ ಎದ್ದು ಹಾಲಿನ ಪ್ಯಾಕೆಟ್ಟಿಗೆಂದು ಕೆಳಗಿಳಿದೆ. ದೇವಸ್ಥಾನದ ಸ್ಪೀಕರಿನಲ್ಲಿ ಹಾಡು ಬರುತ್ತಿತ್ತು. ಗೇಟಿನ ಮುಂದೆ ನೀರು ಚಿಮುಕಿಸಿದ ನೆಲದ ಮೇಲೆ ಕೆಳಗಿನ ಮನೆಯ ಆಂಟಿ ಕೋಲ, ಅಂದರೆ ಇಲ್ಲಿಯ ರಂಗೋಲಿ, ಬಿಡಿಸುತ್ತಿದ್ದರು. ಇವರೂ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರ ಪಕ್ಕದಲ್ಲಿ, ಚೆನ್ನೈನ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು, ಕೋಲದ ಪುಡಿಯ ಡಬ್ಬಿ ಹಿಡಿದು, ಪುಟ್ಟಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅಕ್ಕ ಅಡುಗೆ ಮುಗಿಸುವ ತನಕ ಅವಳು ದಿನವೂ ಇಲ್ಲೇ ಇರುತ್ತಾಳೆಂಬುದು ನನಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ನಾನು ಎದ್ದಿರುವುದೇ ಇಲ್ಲ.

ಸಾಲು ಸಾಲಾಗಿ ಚುಕ್ಕಿ. ಒಂದೇ ಗೆರೆ ಎಲ್ಲ ಚುಕ್ಕಿಗಳನ್ನೂ ಬಳಸಿ, ಹೆಣೆದುಕೊಂಡು ಹೋಗುತ್ತಿತ್ತು. ಪುಟ್ಟಿಯ ತಲೆ ಗೆರೆಯ ಜೊತೆಗೇ ತಿರುಗುತ್ತಿತ್ತು. ಗೆರೆ ಹೊರಟ ಜಾಗಕ್ಕೆ ಬಂದು ಮುಟ್ಟುತ್ತಿದ್ದಂತೆ ಆಂಟಿ ಕೈ ತಡೆದು ಕೇಳಿದರು.

"ವೀಟ್ಟುಕ್ಕು ವಂದಾಚ್ಚಾ?"

"ವಂದಾಚ್ಚು," ಎಂದಳು ಪುಟ್ಟಿ. ಮನೆಗೆ ಬಂತು ಎಂದು. ಆಮೇಲೆ ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ತಾರಸಿಯ ಮೇಲೆ ಬಿಡುತ್ತಿದ್ದ ಅದೇ ನಿಟ್ಟುಸಿರು.

ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ನಿಂತೆ. ಆಂಟಿ ಕೆಲಸದ ಮೇಲೆ ಕೆಲವು ವರ್ಷ ಮಂಡ್ಯದಲ್ಲಿದ್ದವರು. ನಾನು ಸಿಕ್ಕಿದರೆ ಆ ಕಾಲದ ಕನ್ನಡವನ್ನು ಹೊರಗೆ ತೆಗೆಯುತ್ತಾರೆ.

"ಏನಮ್ಮ, ಇವತ್ತು ಸೂರ್ಯನಿಗಿಂತ ಮುಂಚೆ ಎದ್ದಿದೀಯ."

"ಆಂಟಿ, ಗೆರೆ ಮನೆಗೆ ಬರಬೇಕು ಅಂತ ಇವಳಿಗೆ ನೀವು ಹೇಳಿಕೊಟ್ಟದ್ದಾ?"

"ಹೇಳಿಕೊಡೋದು ಏನಿದೆ. ಸಿಕ್ಕು ಕೋಲ ಅಂದ್ರೆ ಹಂಗೇ ಅಲ್ಲವಾ? ಹೊರಟ ಜಾಗಕ್ಕೆ ಬಂದು ಸೇರ್ಬೇಕು. ನಡುವಲ್ಲಿ ಬಿಟ್ರೆ ನಮ್ಮಮ್ಮ ಪೂರಾ ಅಳಿಸಿ ಮೊದಲಿಂದ ಹಾಕು ಅಂತಿದ್ರು."

ನಾನು ಸಿ ಓ ಆದ ಕಥೆಯನ್ನೂ ಪ್ಲೇಸ್ಕೂಲಿನ ಮಿಸ್ ಹೇಳಿದ್ದನ್ನೂ ಹೇಳಿದೆ. ಆಂಟಿಯ ಬೆರಳ ಸಂದಿಯಿಂದ ಪುಡಿ ಸುರಿಯುವುದು ನಿಂತಿತು.

"ಅಂದ್ರೆ ನಾನು ಈ ಮಗು ಓದು ಕೆಡಿಸಿದೆ."

"ಹಾಗಲ್ಲ ಆಂಟಿ."

"ಹಾಗೇನೇ. ಬ್ಯಾಂಕಲ್ಲಿ ಎಷ್ಟು ಸಾವಿರ ಸಹಿ ನೋಡಿದೀನಿ. ಒಂದು ಸಹೀನೂ ಹೊರಟ ಜಾಗಕ್ಕೆ ಬರಲ್ಲ. ಅದು ನನಗೆ ಹೊಳೀಲಿಲ್ಲ ನೋಡು." ಪುಟ್ಟಿಯ ಕಡೆ ತಿರುಗಿ ತಮಿಳಿನಲ್ಲಿ, ಕೋಲ ಬೇರೆ, ಅಕ್ಷರ ಬೇರೆ, ಅಕ್ಷರವನ್ನು ಮುಚ್ಚಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಪುಟ್ಟಿ ಗಂಭೀರವಾಗಿ ಕೇಳಿಕೊಂಡು, "ಸರಿ ಪಾಟಿ," ಎಂದಳು. ಸರಿ ಅಜ್ಜಿ ಎಂದು.

ಶನಿವಾರ ಬಂತು. ಅ ಬದನೆಕಾಯಿಯೇ ಆಯಿತು.

ಆವತ್ತು ನಾನು ಅವಳ ಪಕ್ಕದಲ್ಲಿ ಕೂತು ಮೊದಲ ಸಲ ಕೇಳಿದೆ. ಇಷ್ಟು ವಾರ ಹೀಗಲ್ಲ, ಹಾಗೆ ಎಂದು ತೋರಿಸಿದ್ದೆನೇ ಹೊರತು, ಯಾಕೆ ಎಂದು ಕೇಳಿರಲಿಲ್ಲ.

"ಪುಟ್ಟಿ, ಇಲ್ಲಿಗೆ ಅ ಮುಗೀತಲ್ಲ. ಮತ್ತೆ ಇಲ್ಲಿಂದ ಇಲ್ಲಿಗೆ ಯಾಕೆ ಬಂದೆ?"

"ಕೋಡು ವೀಟ್ಟುಕ್ಕು ವರಣುಂಲ್ಲ?" ಗೆರೆ ಮನೆಗೆ ಬರಬೇಕಲ್ಲವಾ?

"ಬರದಿದ್ದರೆ?"

ನನ್ನ ಮುಖವನ್ನೇ ನೋಡಿದಳು. ಇಷ್ಟೂ ತಿಳಿಯದವಳ ಹತ್ತಿರ ಕಲಿಯಲು ಬರುತ್ತಿದ್ದೇನಲ್ಲ ಎನ್ನುವಂತೆ. ಆಮೇಲೆ ದನಿ ಇಳಿಸಿ, ಗೆರೆಗೆ ಕೇಳಿಸಬಾರದೆಂಬಂತೆ ಹೇಳಿದಳು.

"ತೊಲಂಜು ಪೋಯಿಡುಂ ಅಕ್ಕಾ. ಪಾವಂ."

ಕಳೆದುಹೋಗುತ್ತದೆ, ಪಾಪ.

ಅವಳ ತಲೆಯಲ್ಲಿ ಯಾವುದೂ ಯಾವುದರ ಜೊತೆಗೂ ಕಲಸಿಹೋಗಿರಲಿಲ್ಲ. ಅವಳು ಒಂದು ಗೆರೆಯನ್ನೂ ಬೀದಿಯಲ್ಲಿ ಬಿಟ್ಟು ಬರಲು ಒಪ್ಪುತ್ತಿರಲಿಲ್ಲ, ಅಷ್ಟೇ. ಇಂಗ್ಲಿಷಿನ ಸಿ ಆದರೇನು, ಕನ್ನಡದ ಅ ಆದರೇನು, ಎಲ್ಲವನ್ನೂ ಕೈ ಹಿಡಿದು ಮನೆಗೆ ಕರೆದುಕೊಂಡು ಬರುತ್ತಿದ್ದಳು.

ಸಂಜೆ ಅಕ್ಕನಿಗೆ ಇದನ್ನು ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು.

"ಮಿಸ್‌ಗೆ ಇದನ್ನ ಹೆಂಗೆ ಹೇಳೋದು ಮಾ? ಗೆರೆ ಪಾವಂ ಅಂತಾಳೆ ಅಂತಾನಾ? ಅವರು ಪೇಪರ್ ನೋಡ್ತಾರೆ. ಪೇಪರಲ್ಲಿ ಓ ಇರತ್ತೆ." ಕಣ್ಣೊರೆಸಿಕೊಂಡು ಕೇಳಿದರು. "ಬೆಳಿಗ್ಗೆ ಕೆಳಗೆ ಕಳಿಸೋದನ್ನ ನಿಲ್ಲಿಸ್ಲಾ?"

"ಅದೊಂದು ಬೇಡ ಅಕ್ಕ."

"ಬೇಡ ಅಂತ ನನಗೂ ಗೊತ್ತು. ಮತ್ತೆ ಏನು ಮಾಡೋದು ಅಂತ ನೀನು ಹೇಳು."

ಆ ವಾರವೆಲ್ಲ ಕಚೇರಿಯಲ್ಲಿ ಲೆಕ್ಕದ ಹಾಳೆಯ ಅಂಚಿನಲ್ಲಿ ಅ ಬರೆಯುತ್ತಾ, ಅದು ಮುಗಿಯುವ ಆ ಕೊಕ್ಕೆಯನ್ನು ನೋಡುತ್ತಾ, ಇದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದೆ. ಇಪ್ಪತ್ತು ವರ್ಷ ಈ ಅಕ್ಷರ ಬರೆದಿದ್ದೇನೆ. ಒಮ್ಮೆಯೂ ಆ ಪ್ರಶ್ನೆ ಬಂದಿರಲಿಲ್ಲ.

ಪೊಂಗಲಿನ ಹಿಂದಿನ ಶನಿವಾರ. ಕೊನೆಯದು. ಆಕಾಶ ತೊಳೆದಿಟ್ಟ ಹಾಗಿತ್ತು. ನಮ್ಮ ತಾರಸಿಯಿಂದ ಎರಡು ಕಟ್ಟಡಗಳ ನಡುವೆ ಒಂದು ಅಂಗೈಯಷ್ಟು ಕಡಲು ಕಾಣುತ್ತದೆ. ದೊಡ್ಡ ಕಾಗದ ಹಾಸಿ, ಈ ತುದಿಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆ ಬರೆಯಿರಿ ಎಂದೆ. ಚೌಕ, ಬಾಗಿಲು, ಅವಳಿಗಳ ಮನೆಗೆ ಎರಡು ಬಾಗಿಲು. ಆ ತುದಿಗೆ ನಾನು ಅಗಲವಾಗಿ ನೀಲಿ ಬಳಿದೆ.

"ಇದೇನು?"

"ಬೀಚ್," ಎಂದರು ಐವರೂ.

"ಇವತ್ತು ಅ ಮನೆಯಿಂದ ಹೊರಟು ಬೀಚಿಗೆ ಹೋಗುತ್ತೆ. ಅಲ್ಲಿ ನಿಲ್ಲುತ್ತೆ. ಗಾಳಿ ಕುಡಿಯುತ್ತೆ."

ಕುಂಚಗಳು ಹೊರಟವು. ಪುಟ್ಟಿಯ ಅ ಸುತ್ತು ಹಾಕಿ, ಹೊಟ್ಟೆ ಉಬ್ಬಿಸಿ, ಚೆಂದವಾಗಿ ನೀಲಿಯ ಅಂಚಿಗೆ ಬಂದು ನಿಂತಿತು. ಕುಂಚವೂ ಅಲ್ಲೇ ನಿಂತಿತ್ತು. ಬಣ್ಣ ಹರಡಿ ಒಂದು ಹನಿಯಾಗುತ್ತಿತ್ತು. ಅವಳು ತಲೆ ಎತ್ತಿ ಕೇಳಿದಳು.

"ಅಪ್ಪುರಂ ಎಪ್ಪಡಿ ವರುಂ?"

ಆಮೇಲೆ ಹೇಗೆ ಬರುತ್ತದೆ? ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಗಾಳಿ ಕುಡಿದು ಅಲ್ಲೇ ಇರುತ್ತದೆ ಎಂದರೆ ಅವಳು ಒಪ್ಪುವವಳಲ್ಲ. ಕುಂಚ ಆಗಲೇ ಮನೆಯ ಕಡೆ ವಾಲುತ್ತಿತ್ತು. ಅಷ್ಟರಲ್ಲಿ ಅವಳಿಗಳಲ್ಲಿ ಚಿಕ್ಕವನು, ತನ್ನ ಕಾಗದದಿಂದ ತಲೆ ಎತ್ತದೆ, ಇದೊಂದು ಪ್ರಶ್ನೆಯೇ ಎನ್ನುವ ದನಿಯಲ್ಲಿ ಹೇಳಿದ.

"ಆಟೋಲ ವರುಂ."

ಎಲ್ಲರೂ ಅವನ ಕಡೆ ನೋಡಿದರು. ನಮ್ಮ ಬೀದಿಯ ಪ್ರತಿ ಮಗುವಿನ ಭಾನುವಾರವೂ ಹಾಗೆಯೇ. ಬೀಚಿಗೆ ಕುಣಿಯುತ್ತಾ ನಡೆದು ಹೋಗುವುದು, ಜೋಳ ತಿನ್ನುವುದು, ಮರಳಲ್ಲಿ ಹೊರಳುವುದು, ವಾಪಸ್ಸು ಹೊರಡುವಾಗ ಕಾಲು ನೋವು ಎಂದು ರಸ್ತೆಯಲ್ಲೇ ಕೂತುಬಿಡುವುದು. ಅಪ್ಪಂದಿರು ಗೊಣಗುತ್ತಾ ಆಟೋ ಕೂಗುವುದು.

"ಗೆರೆಗೂ ಕಾಲು ನೋವು," ಎಂದ ವಾಚಾಳಿ, ಅಪರೂಪಕ್ಕೆ ಕನ್ನಡದಲ್ಲಿ. "ಅಷ್ಟು ಸುತ್ತಿ ಸುತ್ತಿ ಹೋಗಿದೆ."

ನಾನು ಪುಟ್ಟಿಯ ಕೈಯಲ್ಲಿದ್ದ ಕುಂಚದ ತುದಿಯನ್ನು ಮೆಲ್ಲಗೆ ಹಿಡಿದೆ. "ಆಟೋ ಗಾಳೀಲಿ ಬರುತ್ತೆ. ಕಾಗದದ ಮೇಲೆ ಅದರ ಗೆರೆ ಬೀಳಲ್ಲ. ಹತ್ತಿಸು."

ಅವಳು ಯೋಚಿಸಿದಳು. ಅವಳ ಮುಖದಲ್ಲಿ ಆಟೋ ಬರುವುದು, ನಿಲ್ಲುವುದು, ಗೆರೆ ಹತ್ತಿ ಕೂರುವುದು ಎಲ್ಲ ಕಾಣುತ್ತಿತ್ತು. ಆಮೇಲೆ ಕುಂಚ ಕಾಗದ ಬಿಟ್ಟು ಮೇಲೆದ್ದಿತು. ಡುರ್ರ್ ಎಂದು ಬಾಯಲ್ಲಿ ಸದ್ದು ಮಾಡುತ್ತಾ, ವಾಚಾಳಿಯ ತಲೆಯ ಮೇಲಿಂದ ದೊಡ್ಡ ಸುತ್ತು ಹೊಡೆದು, ಅವನ ಕೂದಲಿಗೆ ಎರಡು ಹನಿ ಕೆಂಪು ಉದುರಿಸಿ, ಮನೆಯ ಬಾಗಿಲ ಹತ್ತಿರ ಬಂದು ನಿಂತಳು.

"ವಂದಾಚ್ಚು," ಎಂದಳು. ನಿಟ್ಟುಸಿರು ಬಿಟ್ಟಳು.

ಕಾಗದದ ಮೇಲೆ ಒಂದು ಅ ಇತ್ತು. ಎರಡು ತುದಿಯೂ ತೆರೆದ, ಯಾರು ನೋಡಿದರೂ ಅ ಎನ್ನಬಹುದಾದ ಅ.

ಆಮೇಲಿನ ಒಂದು ಗಂಟೆ ತಾರಸಿ ಆಟೋ ಸ್ಟ್ಯಾಂಡ್ ಆಯಿತು. ಎಲ್ಲರ ಕುಂಚಕ್ಕೂ ಹಾರ್ನ್ ಬಂತು. ಆ, ಇ, ಈ, ಉ ಎಲ್ಲವೂ ಬೀಚಿಗೆ ಹೋದವು. ಅವಳಿಗಳ ಆಟೋಗಳು ಗಾಳಿಯಲ್ಲಿ ಡಿಕ್ಕಿ ಹೊಡೆದು ಇಬ್ಬರ ಮೂಗಿಗೂ ಹಸಿರು ಹತ್ತಿತು. ಗುಲಾಬಿ ಬಣ್ಣದ ಹುಡುಗಿ ತನ್ನ ಗೆರೆ ಆಟೋದಲ್ಲಿ ಬರುವುದಿಲ್ಲ, ಕಾರಿನಲ್ಲಿ ಮಾತ್ರ ಬರುತ್ತದೆ ಎಂದಳು. ಸದ್ದಿಗೆ ಕೆಳಗಿನ ಮನೆಯ ಆಂಟಿ ಮಂಡಿ ನೋವಿನಲ್ಲೂ ಮೇಲೆ ಹತ್ತಿ ಬಂದು, ಏನು ಗಲಾಟೆ ಎಂದು ಕೇಳಿದರು. ಪುಟ್ಟಿ ಅವರನ್ನು ಕೂರಿಸಿ ವಿವರಿಸಿದಳು. ಆಂಟಿ ಪೂರಾ ಕೇಳಿ, "ನಮ್ಮಮ್ಮನ ಕಾಲದಲ್ಲಿ ಆಟೋ ಇರಲಿಲ್ಲ," ಎಂದು ನನಗೆ ಕನ್ನಡದಲ್ಲಿ ಹೇಳಿ, ಪುಟ್ಟಿಯ ಹಾಳೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ದಿನದ ಡೈರಿಯ ಲೆಕ್ಕ ಹೀಗಿದೆ: ಪುಟ್ಟಿಯದು ಹದಿನಾಲ್ಕು ಅಕ್ಷರ, ಮುಚ್ಚಿದ್ದು ಎರಡು. ಆ ಎರಡಕ್ಕೂ ಆಟೋ ಸಿಕ್ಕಲಿಲ್ಲವಂತೆ.

ಆದರೂ ನನಗೆ ಧೈರ್ಯವಿರಲಿಲ್ಲ. ಇದು ನಮ್ಮ ತಾರಸಿಯ ಆಟ. ಪ್ಲೇಸ್ಕೂಲಿನ ಹಾಳೆಯಲ್ಲಿ ಮನೆಯೂ ಇರುವುದಿಲ್ಲ, ನೀಲಿಯೂ ಇರುವುದಿಲ್ಲ. ಪೊಂಗಲಿಗೆ ಊರಿಗೆ ಹೋದವಳು ಮೈಸೂರಿನ ಮನೆಯಲ್ಲಿ ಕೂತು ಎರಡು ಸಲ ಅಕ್ಕನಿಗೆ ಮೆಸೇಜ್ ಬರೆದು ಎರಡು ಸಲವೂ ಅಳಿಸಿದೆ.

ಹಬ್ಬ ಮುಗಿದ ಶನಿವಾರ ನಾನು ಚಾಪೆ ಹಾಸುತ್ತಿರುವಾಗ ಅಕ್ಕ ಮಗಳ ಕೈ ಹಿಡಿದು ಬಂದರು. ಈ ಸಲ ಟ್ಯಾಂಕಿನ ಮರೆಗೆ ಕರೆಯಲಿಲ್ಲ. ಅಲ್ಲೇ, ಎಲ್ಲರ ಎದುರಿಗೆ ಹೇಳಿದರು.

"ಮಿಸ್ ನಿನ್ನೆ ಬರೆಸಿದ್ರು ಮಾ. ಸಿ ಸಿ ಆಗಿಯೇ ಇತ್ತು. ಯು ಕೂಡ."

"ಏನಂದ್ರು?"

"ಎಲ್ಲಾ ಸರಿ, ಆದ್ರೆ ಒಂದೊಂದು ಅಕ್ಷರ ಆದ್ಮೇಲೂ ಕೈ ಎತ್ತಿ ಡುರ್ರ್ ಅಂತಾಳೆ, ಅದೇನು ಅಂತ ಕೇಳಿದ್ರು." ಅಕ್ಕ ನಗು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ನನಗೆ ಗೊತ್ತಿಲ್ಲ ಅಂದ್ಬಿಟ್ಟೆ. ಆಮೇಲೆ ಕೇಳಿದ್ರು, ಒಂದು ಭಾಷೆ ಬಿಡಿಸಿದ್ರಾ, ಅದಕ್ಕೆ ಸರಿ ಹೋಯ್ತಾ ಅಂತ. ಇಲ್ಲ, ಮೂರೂ ಇದೆ, ಇನ್ಮೇಲೂ ಇರತ್ತೆ ಅಂದೆ. ಗಟ್ಟಿಯಾಗೇ ಅಂದೆ."

ಪುಟ್ಟಿಗೆ ಇದಾವುದೂ ಬೇಕಿರಲಿಲ್ಲ. ಅವಳು ಅಪ್ಪನ ಅಂಗಿ ತೊಟ್ಟು, ತೋಳು ಮಡಿಸಿಕೊಳ್ಳುವುದಕ್ಕೆ ನನ್ನ ಮುಂದೆ ಕೈ ಚಾಚಿ ನಿಂತಿದ್ದಳು. ನಾನು ಮಡಿಸಿದೆ. ಅಕ್ಕ ಹೊರಡುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು ಚಾಪೆಯ ಅಂಚಿನಲ್ಲಿ ಕೂತರು. ಮಕ್ಕಳು ಮನೆ ಬರೆಯುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದರು.

"ಇನ್ನೊಂದು ಬ್ರಷ್ ಇದೆಯಾ ಮಾ?"

ಇರಲಿಲ್ಲ. ನಾನು ಬಳಸುತ್ತಿದ್ದದ್ದನ್ನು ತೊಳೆದು ಕೊಟ್ಟೆ. ಪುಟ್ಟಿ ತನ್ನ ಕಾಗದವನ್ನು ಅಮ್ಮನ ಕಡೆಗೆ ಅರ್ಧ ಸರಿಸಿದಳು. ಅಮ್ಮ ತಪ್ಪು ತುದಿಯಿಂದ ಶುರು ಮಾಡಿದಾಗ ಅವರ ಕೈ ಹಿಡಿದು ಮನೆಯ ಬಾಗಿಲಿಗೆ ತಂದು ಇಟ್ಟಳು. ಅಕ್ಕ ಬಹಳ ನಿಧಾನವಾಗಿ, ನಾಲಿಗೆಯ ತುದಿ ಕಚ್ಚಿಕೊಂಡು ಸುತ್ತು ತಿರುಗಿಸಿದರು. ನೀಲಿಯ ಹತ್ತಿರ ಬಂದು, ಮುಂದೇನೆಂದು ತಿಳಿಯದೆ ನಿಂತರು.

"ಏರುಮ್ಮಾ," ಎಂದಳು ಪುಟ್ಟಿ, ತಮಿಳಿನಲ್ಲೇ. ಹತ್ತಮ್ಮ. "ಆಟೋ ನಿಕ್ಕುದು." ಆಟೋ ನಿಂತಿದೆ.

ಅಕ್ಕ ಕುಂಚ ಎತ್ತಿದರು. ಸದ್ದು ಮಾಡಲು ನಾಚಿಕೆಯಾಗಿ ತುಟಿ ಮಾತ್ರ ಅಲ್ಲಾಡಿಸಿದರು. ಮಗಳು ಒಪ್ಪಲಿಲ್ಲ. ಎರಡನೇ ಸಲ ಡುರ್ರ್ ಎಂದಾಗ ಅವಳಿಗಳು ಚಪ್ಪಾಳೆ ತಟ್ಟಿದರು. ಅಕ್ಕನ ದುಪಟ್ಟಾದ ಒಂದು ತುದಿ ಇಡ್ಲಿ ತಟ್ಟೆಯ ಕೆಂಪಿನ ಗುಳಿಯಲ್ಲಿ ಮುಳುಗಿತ್ತು. ಹೇಳೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಅಕ್ಷರ ಯಾವುದೆಂದು ಮಗಳನ್ನು ಕೇಳುತ್ತಾ, ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿಯಾಗಿತ್ತು.